ಚಿತ್ರದಲ್ಲಿ ಇಲ್ಲದ ಗೆರೆ: ಕಂಪ್ಯೂಟರ್ ಪ್ರಮೇಯ ಸಾಧಿಸುವುದು ಹೇಗೆ?

ಪ್ರಶ್ನೆ: ನಾನು ಮಂಡ್ಯ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಒಂಬತ್ತನೇ ತರಗತಿಗೆ ಜಿಯೋಜೀಬ್ರಾ ಎಂಬ ರೇಖಾಗಣಿತದ ತಂತ್ರಾಂಶದಲ್ಲಿ ಅರ್ಧವೃತ್ತದ ಕೋನ ತೋರಿಸುತ್ತಿದ್ದೆ. ಒಬ್ಬ ಹುಡುಗ ಎದ್ದು ನಿಂತು, "ಮೇಡಂ, ಬಿಂದು ಎಲ್ಲಿಗೆ ಎಳೆದರೂ 90 ಡಿಗ್ರೀನೇ ಬರ್ತಿದೆ. ಇನ್ನು ಸಾಧನೆ ಯಾಕೆ ಬರೀಬೇಕು?" ಎಂದ. ಇನ್ನೊಬ್ಬಳು, "ಈಗ ಕಂಪ್ಯೂಟರೇ ಪ್ರಮೇಯ ಸಾಧಿಸುತ್ತಂತೆ" ಎಂದಳು. ಅದು ನಿಜವಾ, ಅಥವಾ ಕಂಪ್ಯೂಟರ್ ಅಳೆದು ಹೇಳುತ್ತದೆಯಾ? ನಿಜವಾಗಿದ್ದರೆ ಮಕ್ಕಳಿಗೆ ಏನು ಹೇಳಲಿ? ನಮ್ಮ ಶಾಲೆಯಲ್ಲಿ ನೆಟ್ ಸರಿಯಾಗಿ ಸಿಗುವುದಿಲ್ಲ, ಅದನ್ನೂ ಗಮನದಲ್ಲಿಟ್ಟುಕೊಂಡು ಉತ್ತರಿಸಿ.

ಉತ್ತರ: ಮೇಡಂ, ಇಬ್ಬರು ಮಕ್ಕಳೂ ಒಳ್ಳೆಯ ಪ್ರಶ್ನೆಯನ್ನೇ ಎತ್ತಿದ್ದಾರೆ. ಮೈಸೂರಿನಲ್ಲಿ ನಾನು ಬಿ.ಇಡಿ. ವಿದ್ಯಾರ್ಥಿಗಳಿಗೆ ಪಾಠ ಮಾಡುವಾಗಲೂ ಇದೇ ಮಾತು ಬರುತ್ತದೆ. ಹುಡುಗಿ ಹೇಳಿದ್ದು ನಿಜ. ಕಂಪ್ಯೂಟರ್ ಪ್ರಮೇಯ ಸಾಧಿಸುತ್ತದೆ, ರೇಖಾಗಣಿತದಲ್ಲಿ 1959ರಿಂದಲೂ ಸಾಧಿಸುತ್ತಿದೆ. ಆದರೆ ಹುಡುಗ ಪರದೆಯ ಮೇಲೆ ಕಂಡದ್ದು ಸಾಧನೆಯಲ್ಲ, ಅಳತೆ. ಎರಡೂ ಒಂದೇ ಕಂಪ್ಯೂಟರಿನೊಳಗೆ ನಡೆಯುತ್ತವೆ, ಹಾಗಾಗಿ ಬೆರೆತುಹೋಗುತ್ತವೆ.

ಮೊದಲು ಅಳತೆಯ ಕಥೆ ನೋಡೋಣ. ಆ ಹುಡುಗನಿಗೆ ಒಂದು ಕೆಲಸ ಕೊಡಿ. 1 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಯಲಿ. ಅದರೊಳಗೆ ಸಮಬಾಹು ತ್ರಿಭುಜ ಕೂರಿಸಲಿ. ತ್ರಿಭುಜದ ಬಾಹುವಿನ ಅರ್ಧವನ್ನು ಕೈವಾರದಲ್ಲಿ ಹಿಡಿದು ವೃತ್ತದ ಸುತ್ತ ಏಳು ಸಲ ಗುರುತು ಹಾಕಲಿ. ಏಳನೇ ಗುರುತು ಹೊರಟ ಜಾಗಕ್ಕೇ ಬಂದು ಕೂತ ಹಾಗೆ ಕಾಣುತ್ತದೆ. ಸುಂದರವಾದ ಸಪ್ತಭುಜ! ಈಗ ಜಿಯೋಜೀಬ್ರಾದ ಸಿದ್ಧ ಉಪಕರಣದಿಂದ ಅದೇ ವೃತ್ತದೊಳಗೆ ಇನ್ನೊಂದು ಕ್ರಮ ಸಪ್ತಭುಜ ಮಾಡಿ ಬಾಹು ಅಳೆಯಲಿ. ಅಲ್ಲೂ 0.87, ಇಲ್ಲೂ 0.87. ಎರಡೂ ಒಂದೇ ಅಲ್ವಾ?

ಅಲ್ಲ. ಮೊದಲನೆಯದು 0.8660, ಎರಡನೆಯದು 0.8678. ಜಿಯೋಜೀಬ್ರಾ ಮಾಮೂಲಾಗಿ ಎರಡೇ ದಶಮಾಂಶ ಸ್ಥಾನ ತೋರಿಸುತ್ತದೆ, ವ್ಯತ್ಯಾಸ ಅಲ್ಲಿ ಮುಚ್ಚಿಹೋಗುತ್ತದೆ. ಕೈವಾರದ ಪ್ರತಿ ಹೆಜ್ಜೆ ಕೇಂದ್ರದಲ್ಲಿ ಸುಮಾರು 51.32 ಡಿಗ್ರಿ ಕೋನ ಮಾಡುತ್ತದೆ, ಬೇಕಾದದ್ದು 51.43. ಏಳು ಹೆಜ್ಜೆ ಸೇರಿದಾಗ 360ಕ್ಕೆ ಮುಕ್ಕಾಲು ಡಿಗ್ರಿಯಷ್ಟು ಕಡಿಮೆ ಬೀಳುತ್ತದೆ. ಬೋರ್ಡಿನ ಮೇಲೆ ಚಾಕ್‌ಪೀಸಿನ ಗೆರೆಯ ದಪ್ಪವೇ ಅಷ್ಟನ್ನು ನುಂಗಿಬಿಡುತ್ತದೆ. ಬರೀ ಗುರುತುಗಳಿಲ್ಲದ ಪಟ್ಟಿ ಮತ್ತು ಕೈವಾರದಿಂದ ಕ್ರಮ ಸಪ್ತಭುಜವನ್ನು ಕರಾರುವಾಕ್ಕಾಗಿ ಎಳೆಯಲು ಸಾಧ್ಯವೇ ಇಲ್ಲ. ಅದು 19ನೇ ಶತಮಾನದಲ್ಲೇ ಸಾಧಿತವಾದ ವಿಷಯ. ಎಳೆದಾಡಿ ನೋಡಿದರೆ ಇದು ಗೊತ್ತಾಗುವುದಿಲ್ಲ, ಯಾಕೆಂದರೆ ವೃತ್ತ ಚಿಕ್ಕದಿರುವಷ್ಟು ಹೊತ್ತು ಅಂಕಿ ಬದಲಾಗುವುದೇ ಇಲ್ಲ. ತ್ರಿಜ್ಯ 10 ಮಾಡಿದರೆ 8.66 ಮತ್ತು 8.68 ಎಂದು ಬಯಲಾಗುತ್ತದೆ. ಇದನ್ನು ಮಕ್ಕಳೇ ಮಾಡಿ ನೋಡಲಿ, ನೀವು ಮೊದಲೇ ಹೇಳಬೇಡಿ.

ಹಾಗಂತ ಎಳೆದಾಡುವುದು ಸುಮ್ನೆ ಅಂತ ನಾನು ಹೇಳುತ್ತಿಲ್ಲ. ಏನನ್ನು ಸಾಧಿಸಬೇಕು ಎಂದು ಊಹಿಸಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಊಹೆ ಆದ ಮೇಲೆ ಏನು ಎನ್ನುವುದು ಪ್ರಶ್ನೆ.

ಈಗ ಅರ್ಧವೃತ್ತಕ್ಕೆ ಬರೋಣ. ನೀವು ಬೋರ್ಡಿನ ಮೇಲೆ ಬರೆಯುವ ಸಾಧನೆ ನೆನಪಿಸಿಕೊಳ್ಳಿ. ಎಬಿ ವ್ಯಾಸ, ಒ ಕೇಂದ್ರ, ಪಿ ವೃತ್ತದ ಮೇಲಿನ ಬಿಂದು. "ರಚನೆ: ಒಪಿ ಸೇರಿಸಿ" ಎನ್ನುತ್ತೀರಿ. ಆ ಒಂದು ತ್ರಿಜ್ಯ ಬಿದ್ದ ಕೂಡಲೇ ದೊಡ್ಡ ತ್ರಿಭುಜ ಎರಡು ಸಮದ್ವಿಬಾಹು ತ್ರಿಭುಜಗಳಾಗಿ ಒಡೆಯುತ್ತದೆ. ಎ ಹತ್ತಿರದ ಕೋನ ಪಿ ಹತ್ತಿರದ ಒಂದು ಭಾಗಕ್ಕೆ ಸಮ, ಬಿ ಹತ್ತಿರದ್ದು ಇನ್ನೊಂದು ಭಾಗಕ್ಕೆ ಸಮ. ನಾಲ್ಕೂ ಸೇರಿ 180, ಹಾಗಾಗಿ ಪಿ ಕೋನ ಅದರ ಅರ್ಧ. ಮುಗಿಯಿತು. ಇಡೀ ಸಾಧನೆಯ ಜೀವ ಇರುವುದು ಪ್ರಶ್ನೆಯಲ್ಲಿ ಹೇಳದ, ಚಿತ್ರದಲ್ಲಿ ಇಲ್ಲದ ಆ ಗೆರೆಯಲ್ಲಿ. ಹುಡುಗ ಪಿಯನ್ನು ಸಂಜೆವರೆಗೆ ಎಳೆದಾಡಿದರೂ ಆ ಗೆರೆ ತಾನಾಗಿ ಕಾಣಿಸಿಕೊಳ್ಳುವುದಿಲ್ಲ.

ಕಂಪ್ಯೂಟರಿಗೂ ಇದೇ ಗೆರೆ ಕಷ್ಟ. ನನ್ನ ಮಟ್ಟಿಗೆ ಈ ಕ್ಷೇತ್ರದ ಅರವತ್ತು ಚಿಲ್ಲರೆ ವರ್ಷಗಳ ಚರಿತ್ರೆಯೆಲ್ಲ ಆ ಗೆರೆಯ ಸುತ್ತಲೇ ಇದೆ.

ಮೊದಲ ಪ್ರಯತ್ನ ಐಬಿಎಂ ಕಂಪನಿಯಲ್ಲಿ ನಡೆಯಿತು. ಹರ್ಬರ್ಟ್ ಗೆಲರ್ನ್‌ಟರ್ ಎಂಬ ಸಂಶೋಧಕರು ಐಬಿಎಂ 704 ಯಂತ್ರದ ಮೇಲೆ ಒಂದು ಪ್ರೋಗ್ರಾಂ ಕಟ್ಟಿ, 1959ರಲ್ಲಿ ಅದರ ವಿವರ ಪ್ರಕಟಿಸಿದರು. ಅದು ನಾವು ಮಕ್ಕಳಿಗೆ ಹೇಳಿಕೊಡುವ ಹಾಗೆಯೇ ಸಾಧನೀಯದಿಂದ, ಅಂದರೆ ಸಾಧಿಸಬೇಕಾದ ಮಾತಿನಿಂದ, ಹಿಂದಕ್ಕೆ ನಡೆಯುತ್ತಿತ್ತು. ಈ ಎರಡು ಕೋನ ಸಮ ಎಂದು ತೋರಿಸಬೇಕಾ? ಹಾಗಾದರೆ ಈ ಎರಡು ತ್ರಿಭುಜ ಸರ್ವಸಮ ಆಗಬೇಕು. ಅದಕ್ಕೆ ಬಾ.ಕೋ.ಬಾ. (ಬಾಹು-ಕೋನ-ಬಾಹು) ಸಾಕಾ? ಹೀಗೆ ದತ್ತ, ಅಂದರೆ ಪ್ರಶ್ನೆಯಲ್ಲೇ ಕೊಟ್ಟ ಮಾತು, ಸಿಗುವವರೆಗೆ. ಕಷ್ಟ ಏನೆಂದರೆ ಪ್ರತಿ ಹೆಜ್ಜೆಯಲ್ಲೂ ಹತ್ತಾರು ದಾರಿಗಳು ಕವಲೊಡೆಯುತ್ತವೆ. ಗೆಲರ್ನ್‌ಟರ್ ಇಲ್ಲೊಂದು ಜಾಣತನ ಮಾಡಿದರು. ಪ್ರೋಗ್ರಾಮಿಗೆ ಚಿತ್ರವನ್ನೂ ಕೊಟ್ಟರು, ಬಿಂದುಗಳ ನಿರ್ದೇಶಾಂಕಗಳ ರೂಪದಲ್ಲಿ. ಎರಡು ಕೋನ ಸಮ ಎಂದು ಸಾಧಿಸಲು ಹೊರಡುವ ಮೊದಲು ಪ್ರೋಗ್ರಾಂ ಚಿತ್ರದಲ್ಲಿ ಅವನ್ನು ಅಳೆಯುತ್ತಿತ್ತು. ಚಿತ್ರದಲ್ಲೇ ಸಮ ಇಲ್ಲದಿದ್ದರೆ ಆ ದಾರಿಯನ್ನೇ ಬಿಟ್ಟುಬಿಡುತ್ತಿತ್ತು. ಗಮನಿಸಿ, ಚಿತ್ರವನ್ನು ಅದು ಸುಳ್ಳನ್ನು ತಳ್ಳಿಹಾಕಲು ಮಾತ್ರ ಬಳಸಿತು, ನಿಜವನ್ನು ಒಪ್ಪಿಕೊಳ್ಳಲು ಬಳಸಲಿಲ್ಲ. ನಿಮ್ಮ ಹುಡುಗನಿಗೆ ಕೊಡಬಹುದಾದ ಉತ್ತಮ ಉತ್ತರ ಇದೇ ಎಂದು ನನಗನಿಸುತ್ತದೆ. ಎಳೆದಾಡಿದಾಗ ಒಂದು ಸಲ ತಪ್ಪಿದರೂ ಊಹೆ ಸತ್ತಿತು. ಎಷ್ಟು ಸಲ ಸರಿಬಂದರೂ ಅದು ಊಹೆಯಾಗಿಯೇ ಉಳಿಯಿತು.

ಆ ಪ್ರೋಗ್ರಾಂ ರಚನೆಯ ಮುಂದೆ ಸೋತಿತು. ಆಗಲೇ ಇರುವ ಎರಡು ಬಿಂದುಗಳನ್ನು ಸೇರಿಸುವಷ್ಟು ಅದಕ್ಕೆ ಕಲಿಸಿದ್ದರು. ಹೊಸ ಬಿಂದು, ಹೊಸ ವೃತ್ತ ಹುಟ್ಟಿಸುವ ಶಕ್ತಿ ಅದಕ್ಕಿರಲಿಲ್ಲ. ಒಂದು ಕಾಗದದ ಮೇಲೆ ಎಳೆಯಬಹುದಾದ ಗೆರೆಗಳಿಗೆ ಲೆಕ್ಕ ಉಂಟೇ? ಯಾವುದನ್ನು ಎಳೆದರೆ ಉಪಯೋಗ ಎಂದು ನಿಯಮ ಬರೆಯಲು ಯಾರಿಗೂ ಆಗಲಿಲ್ಲ.

ಆಮೇಲೆ ಬಂದದ್ದು ಪೂರ್ತಿ ಬೇರೆ ದಾರಿ: ಗೆರೆಯ ಗೊಡವೆಯೇ ಬೇಡ, ಎಲ್ಲವನ್ನೂ ಬೀಜಗಣಿತ ಮಾಡಿಬಿಡೋಣ. ನಿಮ್ಮ ಅರ್ಧವೃತ್ತದಲ್ಲೇ ತೋರಿಸುತ್ತೇನೆ. ಕೇಂದ್ರ (0, 0), ತ್ರಿಜ್ಯ 1. ಎ ಎಂದರೆ (−1, 0), ಬಿ ಎಂದರೆ (1, 0). ಪಿ ಎಂದರೆ (ಎಕ್ಸ್, ವೈ). ಪಿ ವೃತ್ತದ ಮೇಲಿದೆ ಎಂಬ ದತ್ತ ಹೀಗಾಗುತ್ತದೆ: ಎಕ್ಸ್² + ವೈ² − 1 = 0. ಪಿಎ, ಪಿಬಿ ಲಂಬ ಎಂಬ ಸಾಧನೀಯ ಹೀಗೆ: (ಎಕ್ಸ್ + 1)(ಎಕ್ಸ್ − 1) + ವೈ² = 0. ಆವರಣ ಬಿಡಿಸಿ ನೋಡಿ. ಎಕ್ಸ್² − 1 + ವೈ². ದತ್ತವೂ ಸಾಧನೀಯವೂ ಒಂದೇ! ಒಪಿ ಎಳೆಯಲೇ ಇಲ್ಲ, ಸಮದ್ವಿಬಾಹು ತ್ರಿಭುಜದ ಹೆಸರೇ ಎತ್ತಲಿಲ್ಲ. ಇದು ಅಳತೆಯೂ ಅಲ್ಲ. ಎಕ್ಸ್, ವೈ ಯಾವ ಸಂಖ್ಯೆ ಎಂದು ನಾವು ಹೇಳಲಿಲ್ಲವಲ್ಲ. ವೃತ್ತದ ಮೇಲಿನ ಎಲ್ಲ ಬಿಂದುಗಳಿಗೂ ಒಂದೇ ಏಟಿಗೆ ಸಾಧನೆಯಾಯಿತು.

ಇಷ್ಟು ಸಲೀಸಾದ ಪ್ರಮೇಯಗಳು ಕಡಿಮೆ. ದೊಡ್ಡ ಪ್ರಮೇಯಗಳಲ್ಲಿ ಹತ್ತು ಹದಿನೈದು ಸಮೀಕರಣಗಳು ಬರುತ್ತವೆ. ಅವನ್ನು ಹೇಗೆ ನಿಭಾಯಿಸಬೇಕು ಎಂಬ ಒಳ್ಳೆಯ ವಿಧಾನವನ್ನು 1977ರಲ್ಲಿ ಕೊಟ್ಟವರು ಚೀನಾದ ವೂ ವೆನ್‌ಜುನ್. ಟೊಪಾಲಜಿಯಲ್ಲಿ (ಹಿಗ್ಗಿಸಿ ಬಗ್ಗಿಸಿದರೂ ಉಳಿಯುವ ಆಕಾರಗುಣಗಳ ಗಣಿತ) ಆಗಲೇ ಹೆಸರು ಮಾಡಿದ್ದ ಗಣಿತಜ್ಞ. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಅವರನ್ನು ಬೀಜಿಂಗ್‌ನ ಒಂದು ಕಾರ್ಖಾನೆಗೆ ಕೆಲಸಕ್ಕೆ ಕಳಿಸಿದ್ದರು, ಅಲ್ಲೇ ಅವರು ಕಂಪ್ಯೂಟರ್ ಕಂಡದ್ದು. ತಮ್ಮ ವಿಧಾನವನ್ನು ಮೊದಲು ಕೈಯಲ್ಲೇ ಲೆಕ್ಕ ಮಾಡಿ ತಾಳೆ ನೋಡಿದರು. ಪುಟಗಟ್ಟಲೆ ಬೀಜಗಣಿತ, ಒಂದು ಚಿಹ್ನೆ ತಪ್ಪಿದರೂ ಎಲ್ಲ ಹೋಯಿತು. ಅಂಥ ತಾಳ್ಮೆಗೆ ನಾನು ಕೈಮುಗಿಯುತ್ತೇನೆ.

ವಿಧಾನದ ತಿರುಳು ನಿಮ್ಮ ಮಕ್ಕಳಿಗೆ ಗೊತ್ತಿರುವಂಥದ್ದೇ: ಭಾಗಿಸಿ ಶೇಷ ನೋಡುವುದು. ದತ್ತಗಳ ಬಹುಪದೋಕ್ತಿಗಳನ್ನು ಒಂದು ಸಾಲಿನಲ್ಲಿ ಜೋಡಿಸುತ್ತಾರೆ, ಪ್ರತಿಯೊಂದರಲ್ಲೂ ಒಂದೊಂದೇ ಹೊಸ ಅವ್ಯಕ್ತ ಬರುವ ಹಾಗೆ. ಸಾಧನೀಯದ ಬಹುಪದೋಕ್ತಿಯನ್ನು ಕೊನೆಯದರಿಂದ ಶುರುಮಾಡಿ ಒಂದೊಂದರಿಂದಲೂ ಭಾಗಿಸುತ್ತಾ ಬರುತ್ತಾರೆ. ಕೊನೆಗೆ ಶೇಷ ಸೊನ್ನೆಯಾದರೆ ಪ್ರಮೇಯ ನಿಜ. ಶಾಂಗ್‌ಚಿಂಗ್ ಚೌ ಎಂಬವರು ಅಮೆರಿಕದ ಟೆಕ್ಸಸ್‌ನಲ್ಲಿ ಇದನ್ನು ಪ್ರೋಗ್ರಾಂ ಮಾಡಿ, 1988ರಲ್ಲಿ 512 ಪ್ರಮೇಯಗಳ ಪುಸ್ತಕವನ್ನೇ ತಂದರು. (ಇದಕ್ಕೂ ಮೊದಲೇ ತರ್ಕಶಾಸ್ತ್ರಜ್ಞ ಆಲ್ಫ್ರೆಡ್ ಟಾರ್ಸ್ಕಿ, ಶಾಲಾ ರೇಖಾಗಣಿತದ ಯಾವ ಹೇಳಿಕೆಯನ್ನಾದರೂ ಯಂತ್ರದಂತೆ ಲೆಕ್ಕ ಮಾಡಿ ನಿಜ ಅಥವಾ ಸುಳ್ಳು ಎಂದು ತೀರ್ಮಾನಿಸಬಹುದು ಎಂದು ತೋರಿಸಿದ್ದರು. ಅವರ ವಿಧಾನಕ್ಕೆ ಹಿಡಿಯುವ ಸಮಯ ಎಷ್ಟೆಂದರೆ, ಅದು ತತ್ವದಲ್ಲಷ್ಟೇ ಉಳಿಯಿತು.)

ವೂ ವಿಧಾನದ ಒಂದು ಗುಣ ನನಗೆ ತುಂಬಾ ಇಷ್ಟ. ಪ್ರಮೇಯ ಎಲ್ಲಿ ಮುರಿಯುತ್ತದೆ ಎಂಬುದನ್ನೂ ಅದು ಹೇಳುತ್ತದೆ. ಸಮಾಂತರ ಚತುರ್ಭುಜದ ಕರ್ಣಗಳು ಪರಸ್ಪರ ಅರ್ಧಿಸುತ್ತವೆ ಎಂದು ಸಾಧಿಸಲು ಕೊಟ್ಟರೆ, "ನಿಜ, ಆದರೆ ಎ, ಬಿ, ಸಿ ಒಂದೇ ಸರಳರೇಖೆಯ ಮೇಲಿರಬಾರದು" ಎಂಬ ಷರತ್ತು ಹೊರಬರುತ್ತದೆ. ಯಾಕೆ? ಮೂರೂ ಒಂದೇ ಗೆರೆಯ ಮೇಲಿದ್ದರೆ, ಡಿಯನ್ನು ಅದೇ ಗೆರೆಯ ಮೇಲೆ ಎಲ್ಲಿಟ್ಟರೂ "ಎದುರು ಬಾಹುಗಳು ಸಮಾಂತರ" ಎಂಬ ಸಮೀಕರಣ ಸರಿಹೋಗುತ್ತದೆ. ಕರ್ಣ ಅರ್ಧಿಸುವ ಮಾತು ಮಾತ್ರ ಸುಳ್ಳಾಗುತ್ತದೆ. ನಮ್ಮ ಪಠ್ಯಪುಸ್ತಕದಲ್ಲಿ ಈ ಷರತ್ತು ಬರೆಯುವುದಿಲ್ಲ. ಚಿತ್ರ ನೋಡಿದವರಿಗೆ ಅದು ಗೊತ್ತೇ ಇರುತ್ತದೆ ಎಂದುಕೊಳ್ಳುತ್ತೇವೆ. ಯಂತ್ರಕ್ಕೆ ಚಿತ್ರವಿಲ್ಲ, ಹಾಗಾಗಿ ಅದು ಬಾಯಿಬಿಟ್ಟು ಹೇಳಲೇಬೇಕು. ಹತ್ತನೇ ತರಗತಿಯ ಚುರುಕು ಮಕ್ಕಳಿಗೆ ಇದನ್ನು ಕೊಟ್ಟು ನೋಡಿ, ವಾದ ಬೆಲ್ ಹೊಡೆದ ಮೇಲೂ ನಿಲ್ಲುವುದಿಲ್ಲ.

ಇಷ್ಟಿದ್ದೂ ಒಂದು ಕೊರತೆ ಇದೆ. ನೂರಾರು ಪದಗಳ ಬಹುಪದೋಕ್ತಿ ಭಾಗಿಸಿ "ಶೇಷ 0" ಎಂದು ಬಂದರೆ ಪ್ರಮೇಯ ನಿಜ ಎಂದು ನಂಬಬಹುದು. ಯಾಕೆ ನಿಜ ಎಂದು ಅದರಿಂದ ತಿಳಿಯುವುದಿಲ್ಲ. ಒಪಿ ಎಳೆದಾಗ "ಓಹೋ" ಎಂದು ಮಕ್ಕಳ ಮುಖ ಅರಳುತ್ತದಲ್ಲ, ಅದು ಇಲ್ಲಿಲ್ಲ. ಇದನ್ನು ಸರಿಪಡಿಸಲು ಚೌ ಮತ್ತು ಅವರ ಜೊತೆಗಾರರು 1990ರ ದಶಕದಲ್ಲಿ ವಿಸ್ತೀರ್ಣ ವಿಧಾನ ತಂದರು. ಮಂಡ್ಯ ಕಡೆ ಸರ್ವೇಯರ್ ಓರೆಕೋರೆ ಗದ್ದೆಯನ್ನು ತ್ರಿಭುಜಗಳಾಗಿ ಒಡೆದು ಲೆಕ್ಕ ಕಟ್ಟುವ ಹಾಗೆ, ಇದು ಪ್ರಮೇಯವನ್ನು ತ್ರಿಭುಜಗಳ ವಿಸ್ತೀರ್ಣದ ಅನುಪಾತಗಳಾಗಿ ಒಡೆಯುತ್ತದೆ. ಹತ್ತನೇ ತರಗತಿಯ ಥೇಲ್ಸ್ ಪ್ರಮೇಯದಲ್ಲಿ ನೀವು ಮಾಡುವುದೂ ಅದೇ: ಒಂದೇ ಎತ್ತರದ ತ್ರಿಭುಜಗಳ ವಿಸ್ತೀರ್ಣ ಪಾದಗಳ ಅನುಪಾತದಲ್ಲಿರುತ್ತದೆ. ಅಲ್ಲಿ ಯಂತ್ರ ಕೊಡುವ ಸಾಧನೆ ಎಷ್ಟೋ ಸಲ ಐದಾರು ಸಾಲು, ಓದಿ ಅರ್ಥಮಾಡಿಕೊಳ್ಳಬಹುದು.

ರಚನೆಯ ಗಂಟು ಬಿಚ್ಚಿದ್ದು ತೀರಾ ಈಚೆಗೆ. 2024ರ ಜನವರಿಯಲ್ಲಿ ಗೂಗಲ್ ಡೀಪ್‌ಮೈಂಡ್‌ನವರು ಆಲ್ಫಾಜಿಯೊಮೆಟ್ರಿ ಎಂಬ ವ್ಯವಸ್ಥೆಯ ಬಗ್ಗೆ ಬರೆದರು. ನೀವು ಪತ್ರಿಕೆಯಲ್ಲಿ ಓದಿರಬಹುದು. ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನ 30 ರೇಖಾಗಣಿತ ಲೆಕ್ಕಗಳಲ್ಲಿ ಅದು 25 ಬಿಡಿಸಿತು. ಚಿನ್ನದ ಪದಕ ಗೆಲ್ಲುವ ಮಕ್ಕಳ ಸರಾಸರಿ 25.9. ಪತ್ರಿಕೆಗಳು ಈ ಅಂಕಿಯನ್ನೇ ದೊಡ್ಡದು ಮಾಡಿದವು. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಅದರ ಒಳಗಿನ ಏರ್ಪಾಟು. ಅದರಲ್ಲಿ ಎರಡು ಭಾಗಗಳಿವೆ. ಒಂದು ಕಟ್ಟುನಿಟ್ಟಾದ ತರ್ಕಯಂತ್ರ. ಕೋನ, ಅನುಪಾತ, ಸಮರೂಪತೆಯ ನಿಯಮ ಹಚ್ಚಿ ಚಿತ್ರದಿಂದ ಹೊರಡುವ ಎಲ್ಲವನ್ನೂ ಹೊರಡಿಸುತ್ತದೆ. ಇನ್ನೊಂದು, ಚಾಟ್‌ಜಿಪಿಟಿಯ ಜಾತಿಯ ಭಾಷಾ ಮಾದರಿ. ತರ್ಕಯಂತ್ರ ಮುಂದೆ ಹೋಗಲಾಗದೆ ನಿಂತಾಗ ಇದು "ಬಿ-ಸಿ ಗೆರೆಯ ಮಧ್ಯಬಿಂದು ಹಾಕಿ ನೋಡು" ಎಂದು ಹೇಳುತ್ತದೆ. ಅಂದರೆ ಅದರ ಕೆಲಸ ಒಂದೇ: ರಚನೆ.

ಈ ರಚನೆಯನ್ನು ಅದು ಕಲಿತದ್ದು ಹೇಗೆ ಗೊತ್ತಾ? ಮನುಷ್ಯರು ಬರೆದ ಸಾಧನೆಗಳಿಂದಲ್ಲ. ಕಂಪ್ಯೂಟರ್ ತಾನೇ ಕೋಟಿಗಟ್ಟಲೆ ಚಿತ್ರಗಳನ್ನು ಮನಬಂದಂತೆ ಎಳೆಯಿತು, ಪ್ರತಿಯೊಂದರಲ್ಲೂ ಏನೇನು ನಿಜ ಎಂದು ತರ್ಕಯಂತ್ರದಿಂದ ಹೊರಡಿಸಿತು. ಆಮೇಲೆ ಒಂದೊಂದು ಫಲಿತಾಂಶದಿಂದ ಹಿಂದಕ್ಕೆ ಬಂದು, ಇದಕ್ಕೆ ಯಾವ ಬಿಂದುಗಳು ಬೇಕಾದವು ಎಂದು ಹುಡುಕಿತು. ಪ್ರಮೇಯದ ಹೇಳಿಕೆಯಲ್ಲಿ ಬೇಡದ, ಆದರೆ ಸಾಧನೆಗೆ ಬೇಕಾದ ಬಿಂದು ಸಿಕ್ಕಿದರೆ ಅದೇ ರಚನೆ. ಹೀಗೆ 10 ಕೋಟಿ ಉದಾಹರಣೆಗಳು, ಅವುಗಳಲ್ಲಿ ರಚನೆ ಬೇಕಾದವು ಸುಮಾರು 90 ಲಕ್ಷ. ಭಾಷಾ ಮಾದರಿ ಇಲ್ಲದೆ ತರ್ಕಯಂತ್ರ ಒಂದೇ ಬಿಡಿಸಿದ್ದು 30ರಲ್ಲಿ 14. ಮನುಷ್ಯರು ಬರೆದಿಟ್ಟ ರಚನಾ ಸೂತ್ರಗಳನ್ನು ಸೇರಿಸಿದಾಗ 18. ಕಲಿತ ರಚನೆ ಬಂದಾಗ 25. ಚಿತ್ರದಲ್ಲಿ ಇಲ್ಲದ ಗೆರೆಯ ಬೆಲೆ ಎಷ್ಟು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಲೆಕ್ಕ ನನಗೆ ಕಂಡಿಲ್ಲ. ಆ ಲೇಖನದ ಮೊದಲ ಉದಾಹರಣೆಯೂ ನಮ್ಮ ಮಕ್ಕಳ ಪಾಠವೇ: ಸಮದ್ವಿಬಾಹು ತ್ರಿಭುಜದ ಪಾದಕೋನಗಳು ಸಮ. ರಚನೆ: ಪಾದದ ಮಧ್ಯಬಿಂದು.

2004ರ ಒಲಿಂಪಿಯಾಡ್‌ನ ಒಂದು ಲೆಕ್ಕದಲ್ಲಿ ಅದು ಇನ್ನೂ ಸೊಗಸಾದ ಕೆಲಸ ಮಾಡಿತು. ಒಂದು ಬಿಂದು ಮಧ್ಯಬಿಂದು ಎಂದು ದತ್ತದಲ್ಲಿತ್ತು. ಸಾಧನೆಯನ್ನು ಹಿಂದಕ್ಕೆ ಓದಿದಾಗ ಆ ದತ್ತವನ್ನು ಎಲ್ಲೂ ಬಳಸಿಯೇ ಇರಲಿಲ್ಲ. ಹಾಗಾಗಿ ಇನ್ನೂ ವ್ಯಾಪಕವಾದ ಪ್ರಮೇಯ ಸಿಕ್ಕಿತು. "ಈ ದತ್ತವನ್ನು ಎಲ್ಲಿ ಬಳಸಿದೆ?" ಎಂದು ಮಕ್ಕಳನ್ನು ಪ್ರತಿ ಸಾಧನೆಯ ಕೊನೆಗೂ ಕೇಳಿ. ಎರಡು ನಿಮಿಷದ ಕೆಲಸ, ತುಂಬಾ ಕಲಿಸುತ್ತದೆ.

ಹಳೆಯ ವೂ ವಿಧಾನ ಮೂಲೆಗೆ ಬಿತ್ತು ಎಂದುಕೊಳ್ಳಬೇಡಿ. ಅದೇ 2024ರಲ್ಲಿ ಬೇರೊಂದು ತಂಡ ಅದನ್ನು ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ, ಲೆಕ್ಕಕ್ಕೆ 5 ನಿಮಿಷದ ಮಿತಿಯಲ್ಲಿ ಓಡಿಸಿತು. 30ರಲ್ಲಿ 15 ಬಿಡಿಸಿತು. ಆಲ್ಫಾಜಿಯೊಮೆಟ್ರಿಯ ಜೊತೆ ಸೇರಿಸಿದಾಗ ಒಟ್ಟು 27. ಒಂದಕ್ಕೆ ಆಗದ್ದು ಇನ್ನೊಂದಕ್ಕೆ ಆಗುತ್ತದೆ.

ಮಕ್ಕಳು ಮೊಬೈಲಿನ ಚಾಟ್‌ಬಾಟ್‌ಗೆ ಪ್ರಮೇಯ ಹಾಕಿ ಉತ್ತರ ಬರೆಸುವುದು ಬೇರೆಯೇ ವಿಷಯ. ಆಲ್ಫಾಜಿಯೊಮೆಟ್ರಿಯಲ್ಲಿ ಭಾಷಾ ಮಾದರಿ ಏನೇ ಹೇಳಿದರೂ ತರ್ಕಯಂತ್ರ ಒಪ್ಪಿದರೆ ಮಾತ್ರ ಅದು ಸಾಧನೆ. ಬರೀ ಚಾಟ್‌ಬಾಟ್‌ನಲ್ಲಿ ಅಂಥ ಕಾವಲು ಇರಬೇಕೆಂದಿಲ್ಲ. ಸಾಧನೆಯ ಧಾಟಿಯಲ್ಲೇ ಬರೆದು ನಡುವೆ ಒಂದು ತಪ್ಪು ಹೆಜ್ಜೆ ಸೇರಿಸಿದರೂ ಓದಲು ಚೆನ್ನಾಗಿಯೇ ಇರುತ್ತದೆ. ಹಾಗಾಗಿ ಬೇಡ ಎನ್ನುವ ಬದಲು, ಅದು ಕೊಟ್ಟ ಉತ್ತರದ ಪ್ರತಿ ಸಾಲಿನ ಮುಂದೆ ಕಾರಣ ಬರೆದುಕೊಂಡು ಬರಲು ಹೇಳಿ. ಕಾರಣ ಸಿಗದ ಸಾಲಿನಲ್ಲೇ ಸಾಮಾನ್ಯವಾಗಿ ತಪ್ಪು ಸಿಗುತ್ತದೆ.

ಗಣಿತಜ್ಞರೂ ಇಂಥ ಕಾವಲನ್ನು ಕಂಪ್ಯೂಟರಿಗೆ ಒಪ್ಪಿಸಿದ್ದಾರೆ. ದೇವರಾಜ ಮಾರುಕಟ್ಟೆಯಲ್ಲಿ ಕಿತ್ತಳೆ ಹಣ್ಣನ್ನು ಗೋಪುರವಾಗಿ ಒಟ್ಟುತ್ತಾರಲ್ಲ, ಒಂದೇ ಗಾತ್ರದ ಗೋಲಗಳನ್ನು ಅದಕ್ಕಿಂತ ಒತ್ತಾಗಿ ತುಂಬಲು ಆಗದು ಎಂದು 1611ರಲ್ಲಿ ಕೆಪ್ಲರ್ ಊಹಿಸಿದ್ದರು. ಗಣಿತಜ್ಞ ಥಾಮಸ್ ಹೇಲ್ಸ್ ಅದನ್ನು 1998ರಲ್ಲಿ ಸಾಧಿಸಿದರು. ಅದರಲ್ಲಿ ಕಂಪ್ಯೂಟರ್ ಲೆಕ್ಕ ಎಷ್ಟಿತ್ತೆಂದರೆ, ವರ್ಷಗಟ್ಟಲೆ ಪರಿಶೀಲಿಸಿದ ತಜ್ಞರು "99 ಶೇಕಡಾ ಖಾತ್ರಿ" ಎಂದಷ್ಟೇ ಹೇಳಿದರು. ಹೇಲ್ಸ್‌ಗೆ ಅದು ಸಾಲಲಿಲ್ಲ. ಇಡೀ ಸಾಧನೆಯನ್ನು ಒಂದೊಂದು ಹೆಜ್ಜೆಯೂ ಬಿಡದೆ ಯಂತ್ರ ತಪಾಸಣೆ ಮಾಡುವ ಭಾಷೆಗೆ ಇಳಿಸಲು ದೊಡ್ಡ ತಂಡ ಕಟ್ಟಿದರು. ಅದು ಮುಗಿದದ್ದು 2014ರಲ್ಲಿ.

ಈಗ ನಿಮ್ಮ ತರಗತಿಗೆ. ಜಿಯೋಜೀಬ್ರಾದಲ್ಲೇ ನಿಜವಾದ ಸಾಧನಾ ಯಂತ್ರ ಅಡಗಿದೆ, ತುಂಬಾ ಜನ ಮೇಷ್ಟ್ರುಗಳು ಅದನ್ನು ಮುಟ್ಟಿಯೇ ಇಲ್ಲ. ಉಪಕರಣಗಳ ಪಟ್ಟಿಯಲ್ಲಿ "ರಿಲೇಶನ್" ಎಂಬುದಿದೆ. ಪಿಎ, ಪಿಬಿ ಎರಡನ್ನೂ ಒತ್ತಿ. ಮೊದಲು "ಲಂಬವಾಗಿವೆ" ಎಂಬರ್ಥದ ಉತ್ತರ ಬರುತ್ತದೆ, ಅದು ಬರೀ ಅಳತೆ. ಪಕ್ಕದಲ್ಲಿ "ಮೋರ್" ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿದಾಗ ಮಾತ್ರ ಒಳಗಡೆ ಬೀಜಗಣಿತ ನಡೆದು, ಯಾವಾಗಲೂ ನಿಜವೇ, ಯಾವ ಷರತ್ತಿನ ಮೇಲೆ ನಿಜ ಎಂದು ಹೇಳುತ್ತದೆ. ಆ ಹುಡುಗನ ಕೈಯಲ್ಲೇ ಎರಡೂ ಒತ್ತಿಸಿ. ಸಪ್ತಭುಜದ ಲೆಕ್ಕ ಮಾಡಿದವನಿಗೆ ಎರಡು ಉತ್ತರಗಳ ನಡುವಿನ ವ್ಯತ್ಯಾಸ ಬಿಡಿಸಿ ಹೇಳಬೇಕಾಗುವುದಿಲ್ಲ.

ಆಮೇಲೆ ಪರೀಕ್ಷೆಗೆ ಬರುವ ಪ್ರಮೇಯಗಳನ್ನು ಹೀಗೆ ಕೊಡಿ: ದತ್ತ ಬರೆಯಿರಿ, ಸಾಧನೀಯ ಬರೆಯಿರಿ, ಚಿತ್ರ ಎಳೆಯಿರಿ. "ರಚನೆ" ಎಂಬಲ್ಲಿ ಖಾಲಿ ಬಿಡಿ. ನಮ್ಮ ಮಕ್ಕಳು ಆ ಸಾಲನ್ನು ಬಾಯಿಪಾಠ ಮಾಡುತ್ತಾರೆ, ಅರ್ಧ ಅಂಕ ಸಿಗುತ್ತದೆ ಎಂದು. ಬಾಯಿಪಾಠ ಮಾಡಬಾರದ ಸಾಲು ಯಾವುದಾದರೂ ಇದ್ದರೆ ಅದು ಅದೇ. ಯಾವ ಗೆರೆ ಎಳೆಯೋಣ ಎಂದು ಕೇಳಿ. ತಪ್ಪು ಗೆರೆ ಹೇಳಿದರೂ ಎಳೆದು, ಅದರಿಂದ ಏನು ಸಿಗುತ್ತದೆ ಎಂದು ಎರಡು ಹೆಜ್ಜೆ ನಡೆದು ನೋಡಿ. ಅರ್ಧವೃತ್ತದಲ್ಲಿ ಕೆಲವರು ಪಿಯಿಂದ ಎಬಿಗೆ ಲಂಬ ಎಳೆಯುತ್ತಾರೆ. ಅದರಿಂದಲೂ ಪೈಥಾಗೊರಸ್ ಹಿಡಿದು ದಾರಿ ಇದೆ, ಸ್ವಲ್ಪ ಸುತ್ತು ಅಷ್ಟೆ. ಪಿಒವನ್ನು ಮುಂದುವರಿಸಿ ವೃತ್ತದ ಆ ಕಡೆ ಮುಟ್ಟಿಸುವವರೂ ಸಿಗಬಹುದು. ಆಗ ಕರ್ಣಗಳು ಸಮವಾದ, ಪರಸ್ಪರ ಅರ್ಧಿಸುವ ಚತುರ್ಭುಜ ಬರುತ್ತದೆ, ಅಂದರೆ ಆಯತ. ಪಠ್ಯಪುಸ್ತಕದ ಸಾಧನೆಗಿಂತ ಇದು ಚೆಂದ ಎಂದು ನನ್ನ ಅಭಿಪ್ರಾಯ.

ನೆಟ್ ವಿಚಾರ: ಜಿಯೋಜೀಬ್ರಾ ಕ್ಲಾಸಿಕ್ 5 ಎಂಬ ಆವೃತ್ತಿಯನ್ನು ಮನೆಯಲ್ಲೋ ಮಂಡ್ಯದ ಸೈಬರ್ ಸೆಂಟರಿನಲ್ಲೋ ಒಮ್ಮೆ ಇಳಿಸಿಕೊಂಡು, ಪೆನ್‌ಡ್ರೈವ್‌ನಲ್ಲಿ ತಂದು ಶಾಲೆಯ ಕಂಪ್ಯೂಟರಿಗೆ ಹಾಕಿ. ಉಚಿತವಾಗಿಯೇ ಸಿಗುತ್ತದೆ, ಆಮೇಲೆ ನೆಟ್ ಬೇಕಾಗುವುದಿಲ್ಲ. ಒಂದೇ ಕಂಪ್ಯೂಟರ್ ಇದ್ದರೂ ಪರವಾಗಿಲ್ಲ, ಊಹೆ ಮತ್ತು ರಚನೆ ಎರಡೂ ನೋಟ್‌ಬುಕ್ಕಿನಲ್ಲೇ ನಡೆಯಲಿ. "ಮೋರ್" ಗುಂಡಿಯನ್ನು ಪೀರಿಯಡ್ಡಿನ ಕೊನೆಯ ಐದು ನಿಮಿಷಕ್ಕೆ ಇಟ್ಟುಕೊಳ್ಳಿ.